ಬಾವಿ ಮೂಲೆ

ಸಿಂಗಸಂದ್ರ
7 ಜೂನ್ 2011

ಧನಮ್ಮನಿಗೆ,

ಕನಸಿನಲ್ಲಿ ನಮ್ಮ ಮನೆ ಮಲಗಿತು. ಬಿದ್ದಿತು ಅಂತ ಬರೆಯಲು ಕೈ ಬರುತ್ತಿಲ್ಲ, ಅದು ಬಿದ್ದಿದ್ದೂ ಅಲ್ಲ. ಹಸು ಮಲಗುವಾಗ ಮೊದಲು ಮುಂಗಾಲು ಮಡಚಿ ಆಮೇಲೆ ಹಿಂದಿನದನ್ನು ಇಳಿಸುತ್ತದಲ್ಲ, ಹಾಗೆ ನಿಧಾನವಾಗಿ, ಸದ್ದಿಲ್ಲದೆ. ಮಹಡಿಯವರ ಪಾತ್ರೆಗಳೆಲ್ಲ ಜಾರಿಕೊಂಡು ಒಂದೇ ಕಡೆಗೆ ಬಂದವು. ನಾನು ಗೋಡೆಗೆ ಬೆನ್ನು ಕೊಟ್ಟು ನಿಂತು "ಏಳು, ಏಳು" ಅಂತ ಮನೆಯನ್ನು ಎಬ್ಬಿಸುತ್ತಿದ್ದೆ. ಎಚ್ಚರವಾದಾಗ ನಮ್ಮ ಯಜಮಾನರು ಪಕ್ಕದಲ್ಲಿ ಕೂತು, "ಯಾರ್ನ ಎಬ್ಬಿಸ್ತಿದೀಯಮ್ಮಿ, ಹಾಲಿನೋನೇ ಇನ್ನೂ ಬಂದಿಲ್ಲ" ಅಂದರು.

ನಾನು ಹೆದರುಪುಕ್ಕಲಿ ಅಂತ ನಿಮಗೆ ಗೊತ್ತು. ನೀವು ನಮ್ಮ ಮಹಡಿ ರೂಮಿನಲ್ಲಿ ಬಾಡಿಗೆಗೆ ಇದ್ದಾಗ ನಾನು ಎಷ್ಟು ಸಲ ಬಂದು ಬಾಗಿಲು ತಟ್ಟಿ, ಗ್ಯಾಸ್ ಆರಿಸಿದ್ದೀರಾ ಅಂತ ಕೇಳಿಲ್ಲ? ಆದರೆ ಈ ಕನಸು ಸುಮ್ಮನೆ ಬಿದ್ದದ್ದಲ್ಲ. ನಮ್ಮ ನರೇಶ ಮನೆಯ ಮೇಲೆ ಇನ್ನೂ ಎರಡು ಅಂತಸ್ತು ಎತ್ತುತ್ತೇನೆ ಅನ್ನುತ್ತಿದ್ದಾನೆ. ಎಲೆಕ್ಟ್ರಾನಿಕ್ ಸಿಟಿಗೆ ಕೆಲಸಕ್ಕೆ ಹೋಗುವ ಹುಡುಗರಿಗೆ ಪಿ.ಜಿ. ಮಾಡುತ್ತಾನಂತೆ. ಕಂಪನಿ ಕ್ಯಾಬ್ ಓಡಿಸುವುದನ್ನು ಬಿಟ್ಟೂ ಆಯಿತು.

ಇವರು ಇಷ್ಟು ದಿನ "ನೋಡುವಾ, ನೋಡುವಾ" ಅಂತ ತಳ್ಳಿಕೊಂಡು ಬಂದಿದ್ದರು. ಅಷ್ಟರಲ್ಲಿ ಭಾನುವಾರದ ಪೇಪರಿನಲ್ಲಿ ನಿಮ್ಮ ಲೇಖನ ಬಂತು. 'ಮುಗಿಯದ ಮನೆ' ಅಂತ ದಪ್ಪಕ್ಷರ. ಜೊತೆಗೆ ನೀರು ತುಂಬುವ ಹಬ್ಬದ ದಿನ ನಾನು ಅಡುಗೆಮನೆಯ ಬಾವಿ ಮೂಲೆಯಲ್ಲಿ ದೀಪ ಇಡುತ್ತಿರುವ ಫೋಟೋ. ನನ್ನ ಸೆರಗು ಸರಿಯಿಲ್ಲ, ಅದನ್ನು ಊರೆಲ್ಲ ನೋಡಿತು. ನರೇಶ ಆ ಹಾಳೆಗೆ ಪ್ಲಾಸ್ಟಿಕ್ ಹಾಕಿಸಿ ನಡುಮನೆಯಲ್ಲಿ ನೇತುಹಾಕಿ, ಅವರಪ್ಪನಿಗೆ ಗಟ್ಟಿಯಾಗಿ ಓದಿ ಹೇಳಿದ. "ಕೇಳಪ್ಪ, ಧನಲಕ್ಷ್ಮಿ ಮೇಡಂ ಏನ್ ಬರ್ದವ್ರೆ. 'ತಾರಸಿಯ ಮೇಲೆ ಮುಗಿಲಿಗೆ ಕೈಚಾಚಿ ನಿಂತ ಕಂಬಿಗಳೇ ಈ ಮನೆಯ ನಾಳೆಗಳು. ಇಂಥ ಮನೆ ನಿಂತಲ್ಲೇ ನಿಲ್ಲುವುದಿಲ್ಲ, ಬೆಳೆಯುತ್ತದೆ.' ಕಾಲೇಜಲ್ಲಿ ಮನೆ ಕಟ್ಟೋದನ್ನ ಪಾಠ ಮಾಡೋರೇ ಬೆಳೆಯುತ್ತೆ ಅಂದ್ಮೇಲೆ ನಿಂದೇನಪ್ಪ ಅಡ್ಡಿ?"

"ಅದೂ ನಿಜವೇ. ಕಂಬಿ ಬಿಟ್ಟಿರೋದು ಮ್ಯಾಕೆ ಕಟ್ಟಕ್ಕೇ ಅಲ್ವಾ" ಅಂದುಬಿಟ್ಟರು ಇವರು.

ಕಂಬಿ ಬಿಡುವುದು ನಮ್ಮ ಕಡೆ ಎಲ್ಲರೂ ಮಾಡುತ್ತಾರೆ. ಮನೆ ಕಟ್ಟಿದ ಮೇಲೂ ಪಿಲ್ಲರಿನ ಕಬ್ಬಿಣ ಕತ್ತರಿಸುವುದಿಲ್ಲ, ಮಕ್ಕಳ ಕಾಲಕ್ಕೆ ಆಗಲಿ ಅಂತ ಮೇಲೆ ಬಿಟ್ಟಿರುತ್ತಾರೆ. ಕಂಬಿ ಕತ್ತರಿಸಿದರೆ ಮನೆ ಮುಗಿಯಿತು, ಮನೆ ಮುಗಿದರೆ ಯಜಮಾನನ ಕೆಲಸವೂ ಮುಗಿಯಿತು ಅನ್ನುತ್ತಿದ್ದರು ನಮ್ಮತ್ತೆ. ಅದನ್ನೆಲ್ಲ ನೀವು ನನ್ನ ಬಾಯಿಂದಲೇ ಬರೆದುಕೊಂಡಿದ್ದೀರಿ.

ಆಷಾಢ ಕಳೆದು ಶ್ರಾವಣ ಬಂದ ಕೂಡಲೇ ಕೆಲಸ ಶುರುವಂತೆ. ನನಗೆ ಬೇಕಾದ್ದು ಒಂದೇ ಮಾತು. ಮನೆ ಅಷ್ಟು ಭಾರ ತಡೆಯುತ್ತದೆಯೋ ಇಲ್ಲವೋ? ಫೋನ್ ಮಾಡಬೇಡಿ. ಫೋನು ನರೇಶನ ಜೇಬಿನಲ್ಲಿರುತ್ತದೆ, ಅಲ್ಲದೆ ಫೋನಿನಲ್ಲಿ ನನಗೆ ಕೇಳಬೇಕಾದ್ದು ಬಿಟ್ಟು ಬೇರೆಲ್ಲ ಬಾಯಿಗೆ ಬರುತ್ತದೆ. ಪೋಸ್ಟಿನವನು ಬರುವ ಹೊತ್ತಿಗೆ ನಾನು ಬಾಗಿಲಲ್ಲೇ ಕೂತಿರುತ್ತೇನೆ.

ತಮ್ಮನನ್ನು ಎತ್ತಿಕೊಳ್ಳಲು ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟು, ಅವನು ನಡೆಯುವಂತಾದ ಮೇಲೆ ಮತ್ತೆ ಸೇರಿ, ಮತ್ತೆ ಬಿಟ್ಟವಳು ನಾನು. ತಪ್ಪಿದ್ದ ಕಡೆ ಸರಿ ಮಾಡಿಕೊಂಡು ಓದಿ.

ಇಂತಿ,
ಸೊಣ್ಣಮ್ಮ


ಮೈಸೂರು
18 ಜೂನ್ 2011

ಸೊಣ್ಣಮ್ಮನವರಿಗೆ,

ಅಮ್ಮ, ನಿಮ್ಮ ಕಾಗದ ಬಂದ ದಿನವೇ ಉತ್ತರ ಬರೆಯಬೇಕಿತ್ತು. ಕಾಲೇಜು ಶುರುವಾಗಿದೆ, ಹೊಸ ವಿದ್ಯಾರ್ಥಿಗಳು ಬಂದಿದ್ದಾರೆ. ಅದರ ಜೊತೆಗೆ ಒಂದು ವಿಚಿತ್ರ ಕೆಲಸವೂ ಇತ್ತು. ನಾವು ಅಧ್ಯಾಪಕರೆಲ್ಲ ನಮ್ಮ ನಮ್ಮ 'ಸಂಶೋಧನೆ ಮತ್ತು ಬೋಧನೆಯ ಆಸಕ್ತಿ' ಏನೆಂದು ಬರೆದು ಕೊಡಬೇಕು, ಅದನ್ನು ಕಾಲೇಜಿನ ವೆಬ್‌ಸೈಟಿನಲ್ಲಿ ನಮ್ಮ ಫೋಟೋದ ಕೆಳಗೆ ಹಾಕುತ್ತಾರೆ. ನಾನು ಬರೆದದ್ದು ಇದು: 'ನಗರದೊಳಗೆ ಸೇರಿಹೋದ ಹಳ್ಳಿಗಳಲ್ಲಿ ಜನರು ತಾವೇ ಕಟ್ಟಿಕೊಂಡ ಮನೆಗಳು, ಅಲ್ಲಿನ ಹೊಸಿಲು, ಮೆಟ್ಟಿಲು, ಆಚರಣೆ, ನೆನಪು.' ಈ ಸಾಲು ಹುಟ್ಟಿದ್ದು ನಿಮ್ಮ ಮನೆಯಲ್ಲಿ. ನನಗೆ ಈ ಕೆಲಸ ಸಿಕ್ಕಿದ್ದಕ್ಕೂ ನಿಮ್ಮ ಮನೆಯ ಮೇಲೆ ಬರೆದ ಪ್ರಬಂಧವೇ ಕಾರಣ. ನನ್ನ ಪಕ್ಕದ ಮೇಜಿನ ವೆಂಕಟರಮಣಪ್ಪ ಸರ್, ನಿವೃತ್ತಿಗೆ ಹತ್ತಿರವಾದವರು, 'ಹಳೆಯ ಕಟ್ಟಡಗಳ ಬಲ' ಎಂದಷ್ಟೇ ಬರೆದುಕೊಟ್ಟರು. ಯಾವುದೋ ಲೇಹ್ಯದ ಜಾಹೀರಾತಿನ ಹಾಗಿದೆ ಎಂದು ನಾವೆಲ್ಲ ನಕ್ಕೆವು.

ಈಗ ನಿಮ್ಮ ಪ್ರಶ್ನೆ. ಮನೆ ತಡೆಯುತ್ತದೆಯೇ ಎಂಬುದಕ್ಕೆ ನಾನು ಉತ್ತರ ಹೇಳಲಾರೆ, ಅಮ್ಮ. ಅದು ನನ್ನ ವಿಷಯವಲ್ಲ. ಮನೆಯಲ್ಲಿ ಜನ ಹೇಗೆ ಬದುಕುತ್ತಾರೆ, ಯಾವ ಜಾಗಕ್ಕೆ ಯಾವ ಅರ್ಥ ಕೊಡುತ್ತಾರೆ ಎಂಬುದನ್ನು ನಾನು ನೋಡುತ್ತೇನೆ. ಭಾರ, ಪಾಯ ಇವನ್ನೆಲ್ಲ ನೋಡುವವರು ಬೇರೆ. ಒಬ್ಬ ಒಳ್ಳೆಯ ಇಂಜಿನಿಯರಿಗೆ ತೋರಿಸಿ. ಲೇಖನದ ಆ ಸಾಲನ್ನು ನರೇಶ್ ಹೀಗೆ ತೆಗೆದುಕೊಳ್ಳುತ್ತಾನೆ ಎಂದು ನಾನು ಎಣಿಸಿರಲಿಲ್ಲ. ಅದು ಒಂದು ಬಗೆಯ ಬರವಣಿಗೆ, ಸಲಹೆಯಲ್ಲ. ಹಾಗೆಂದು ಅವನಿಗೆ ತಿಳಿಸಿ.

ಫೋಟೋದಲ್ಲಿ ನಿಮ್ಮ ಸೆರಗು ಚೆನ್ನಾಗಿಯೇ ಇದೆ. ಇಲ್ಲಿ ಎಲ್ಲರೂ ಆ ಫೋಟೋವನ್ನು ಮೆಚ್ಚಿಕೊಂಡರು.

ಪ್ರೀತಿಯಿಂದ,
ಧನಲಕ್ಷ್ಮಿ


ಸಿಂಗಸಂದ್ರ
27 ಜೂನ್ 2011

ಧನಲಕ್ಷ್ಮಿ ಮೇಡಂ ಅವರಿಗೆ,

ಕಾಗದ ತಲುಪಿತು. ಇಂಜಿನಿಯರಿಗೆ ತೋರಿಸಿ ಅಂತ ಬರೆದಿದ್ದಿರಿ. ಕಾಗದದ ಸುದ್ದಿ ಎತ್ತದೆ, ನನ್ನದೇ ಮಾತು ಅನ್ನುವ ಹಾಗೆ ನರೇಶನಿಗೆ ಹೇಳಿ ನೋಡಿದೆ. "ಅಮ್ಮ, ನಿಂಗೆ ತಲೆ ಸರಿಗಿದೆಯಾ? ಧನಲಕ್ಷ್ಮಿ ಮೇಡಂ ಇಲ್ಲಿದ್ದಷ್ಟು ದಿನ ಟೇಪ್ ಹಿಡ್ಕೊಂಡು ಮನೆಯೆಲ್ಲ ಅಳೆದವ್ರೆ. ಅವ್ರಿಗಿಂತ ಇನ್ಯಾವ ಇಂಜಿನಿಯರು?" ಅಂದ. 

ಅವತ್ತೇ ಮೇಸ್ತ್ರಿ ಕರಿಬಸಪ್ಪನನ್ನು ಕರೆಸಿದರು. ಅವನು ತಾರಸಿಗೆ ಹತ್ತಿ, ಕಂಬಿಗಳನ್ನು ಹಿಡಿದು ಒಮ್ಮೆ ಅಲ್ಲಾಡಿಸಿ, ಕೆಳಗಿಳಿದು ಬಂದು ಕಾಫಿ ಕುಡಿದ.

"ಎರಡಲ್ಲ ಗೌಡ್ರೇ, ಮೂರೇ ಎತ್ತಬೋದು. ಕಲ್ಲಿದ್ದಂಗೈತೆ."

"ಕಂಬಿ ಗಟ್ಟಿಯಾಗಿದ್ದರೆ ಆಯಿತೇ ಕರಿಬಸಪ್ಪ? ಕೆಳಗಡೆ?" ಅಂತ ಕೇಳಿದೆ.

"ಅಕ್ಕಾ, ನೀವು ಸಾಂಬಾರ್ಗೆ ಉಪ್ಪು ಎಷ್ಟು ಅಂತ ನಾನ್ ಕೇಳ್ತೀನಾ?" ಅಂದ. ಎಲ್ಲರೂ ನಕ್ಕರು. ಇವರೂ ನಕ್ಕರು. ಮನೆಯಲ್ಲಿ ಹೆದರುವವಳು ಒಬ್ಬಳಿದ್ದರೆ ಉಳಿದವರಿಗೆ ನಗುವುದು ಸುಲಭ.

ಈಗ ನಿಮ್ಮ ಮಾತಿಗೆ ಬರುತ್ತೇನೆ. ನನಗೆ ಬರೆಯಲು ಸಂಕೋಚವಾಗುತ್ತಿದೆ, ಆದರೆ ಬರೆಯದಿದ್ದರೆ ಮುದ್ದೆ ಇಳಿಯುವುದಿಲ್ಲ. ನಾನು ಸೊಪ್ಪು ಸೋಸಲು ಎಲ್ಲಿ ಕೂರುತ್ತೇನೆ ಅಂತ ಅಳೆದಿರಿ. ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಮೆಟ್ಟಿಲು ಹತ್ತುವವಳ ಯಾವ ಕೈ ಗೋಡೆಗೆ ತಾಗುತ್ತದೆ ಅಂತ ಕೇಳಿದಿರಿ. ಹೊಸಿಲಿಗೆ ಅರಿಶಿನ ಹಚ್ಚುವಾಗ ಯಾವ ಕಡೆಯಿಂದ ಶುರು ಮಾಡುತ್ತೇನೆ ಅಂತಲೂ ಕೇಳಿದಿರಿ. ಒಲೆಯ ಮೇಲೆ ಸಾರು ಉಕ್ಕುತ್ತಿದ್ದರೂ ನಿಂತು ಉತ್ತರ ಹೇಳಿದ್ದೇನೆ. ನಾನು ನಿಮ್ಮನ್ನು ಕೇಳಿದ್ದು ಒಂದು. ಅದಕ್ಕೆ, ಅದು ನನ್ನ ವಿಷಯವಲ್ಲ ಅಂದಿರಿ.

ಒಂದು ಮನೆಯನ್ನು ನೀವು ಎಷ್ಟು ಜನ ಹಂಚಿಕೊಂಡು ಓದುತ್ತೀರಿ? ಹೊಸಿಲು ಒಬ್ಬರಿಗೆ, ನೆನಪು ಒಬ್ಬರಿಗೆ, ಬಲ ಇನ್ನೊಬ್ಬರಿಗೆ. ಒಳಗೆ ಇರುವವರಿಗೆ ಅದೆಲ್ಲ ಒಂದೇ ಅಲ್ಲವೇ? ನೀವಿದ್ದ ರೂಮಿನಲ್ಲಿ ಈಗ ರಾಯಚೂರು ಕಡೆಯ ಭೀಮಪ್ಪ, ಅವನ ಹೆಂಡತಿ ಹೊಳೆವ್ವ ಇದ್ದಾರೆ. ಹೊಳೆವ್ವ ಬೆಳಗಾದರೆ "ಯವ್ವಾ, ಚಾ ಆತೇನು" ಅಂತ ಮೇಲಿನಿಂದಲೇ ಕೂಗುತ್ತಾಳೆ. ಅವಳು ಕೂಗಿದಾಗಲೆಲ್ಲ ನನಗೆ ಮೇಲಿನ ಎರಡು ಅಂತಸ್ತು ಅವಳ ತಲೆಯ ಮೇಲೆ ಕಾಣುತ್ತದೆ.

ಬೇಜಾರು ಮಾಡಿಕೊಳ್ಳಬೇಡಿ. ಮಾಡಿಕೊಂಡರೂ ಒಂದು ಉಪಕಾರ ಮಾಡಿ. ನೀವೆಲ್ಲ ನಕ್ಕಿರಲ್ಲ, ಆ ಪಕ್ಕದ ಮೇಜಿನವರು, ಅವರು ಬರುತ್ತಾರಾ? ಶ್ರಾವಣಕ್ಕೆ ಮುಂಚೆ.

ಇಂತಿ,
ಸೊಣ್ಣಮ್ಮ


ಮೈಸೂರು
9 ಜುಲೈ 2011

ಅಮ್ಮ,

ನಿಮ್ಮ ಕಾಗದವನ್ನು ಕೈಚೀಲದಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದೆ. ನಿನ್ನೆ ಅದನ್ನು ವೆಂಕಟರಮಣಪ್ಪ ಸರ್ ಮೇಜಿನ ಮೇಲೆ ಇಟ್ಟೆ. ಪೂರ್ತಿ ಓದಿ, "ಯಾವ ಬಸ್ಸು?" ಎಂದು ಮಾತ್ರ ಕೇಳಿದರು.

16ನೇ ತಾರೀಖು ಶನಿವಾರ ಬರುತ್ತಾರೆ. ಹೆಚ್ಚು ಮಾತಿನವರಲ್ಲ. ಕಾಫಿಗೆ ಸಕ್ಕರೆ ಹಾಕಬೇಡಿ. ನನಗೆ ಪರೀಕ್ಷೆಯ ಕೆಲಸವಿದೆ, ಅವರ ಜೊತೆ ಬರಲು ಆಗುತ್ತಿಲ್ಲ. ನರೇಶನಿಗೆ ನಾನೇ ಕಳಿಸಿದ್ದು ಎಂದು ಹೇಳಿ. ಹೇಳದಿದ್ದರೆ ಗೇಟಿನಲ್ಲೇ ತಡೆದಾನು.

ಧನಲಕ್ಷ್ಮಿ


ಸಿಂಗಸಂದ್ರ
18 ಜುಲೈ 2011

ಧನಲಕ್ಷ್ಮಿ ಮೇಡಂ ಅವರಿಗೆ,

ಸಾರ್ ಬಂದು ಹೋದರು. ಅವರು ನಿಮಗೆ ಹೇಳಿರುತ್ತಾರೆ, ಆದರೆ ಎಲ್ಲ ಹೇಳಿರುವುದಿಲ್ಲ ಅಂತ ನನಗೆ ಅನುಮಾನ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಮನೆಯ ಸುತ್ತ ಒಂದು ಸುತ್ತು ಬಂದರು. ಚೀಲದಿಂದ ದಾರಕ್ಕೆ ಕಟ್ಟಿದ ಗುಂಡು ತೆಗೆದು, ಗೋಡೆಯ ಪಕ್ಕ ಇಳಿಬಿಟ್ಟು, ಅದು ಅಲ್ಲಾಡುವುದು ನಿಲ್ಲುವ ತನಕ ಕಾದರು. ನಮ್ಮ ಯಜಮಾನರಿಗೆ ಸುಮ್ಮನಿರಲು ಆಗಲಿಲ್ಲ. "ಏನ್ ಸಾರ್, ನಾಟಿ ವೈದ್ಯರು ನಾಡಿ ಹಿಡ್ದಂಗೆ ನಿಂತ್ಕಂಡ್ರಿ. ಬದುಕ್ತದಾ ಪೇಸೆಂಟು?"

ಸಾರ್ ನಗಲಿಲ್ಲ. ಅಡುಗೆಮನೆಗೆ ಬಂದು ಬಾಗಿಲನ್ನು ತೆರೆದು ಮುಚ್ಚಿ ನೋಡಿದರು. ಅದು ನೆಲಕ್ಕೆ ಉಜ್ಜುತ್ತದೆ. "ಮಳೆಗೆ ಮರ ಉಬ್ಬಿದೆ ಸಾರ್" ಅಂದೆ. "ಬೇಸಿಗೆಯಲ್ಲಿ?" ಅಂದರು. ಬೇಸಿಗೆಯಲ್ಲೂ ಉಜ್ಜುತ್ತದೆ. ಉಬ್ಬಿದ್ದು ಮರವಲ್ಲ, ಇಳಿದದ್ದು ಗೋಡೆ ಅಂತ ಆ ಕ್ಷಣದ ತನಕ ನನ್ನ ತಲೆಗೇ ಹೋಗಿರಲಿಲ್ಲ.

ಬಾವಿ ಮೂಲೆಯಲ್ಲಿ ನಿಂತು ಇವರನ್ನು ಕೇಳಿದರು, "ದಾಸಪ್ಪನವರೇ, ಮನೆ ಕಟ್ಟೋಕೆ ಮುಂಚೆ ಇಲ್ಲೇನಿತ್ತು?"

"ತೋಟ ಸಾರ್. ಕೋಸು, ಬದ್ನೇಕಾಯಿ. ಲಾರಿ ತುಂಬಾ ಓಗೋದು."

"ಇಲ್ಲಿ, ನಾನು ನಿಂತಿರೋ ಕಡೆ?"

"ಅದಾ? ಅದು ಬಾವಿ."

ಸಾರ್ ಥಟ್ಟನೆ ಒಂದು ಹೆಜ್ಜೆ ಹಿಂದಕ್ಕೆ ಸರಿದರು. ಇವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಬೀಳಾಕಿಲ್ಲ ಬನ್ನಿ ಸಾರ್, ಮುಚ್ಚಿದೀವಿ!"

"ಏನು ಹಾಕಿ ಮುಚ್ಚಿದ್ರಿ?"

"ಏನ್ ಸಿಕ್ತೋ ಅದು. ಅಳೇ ಮನೆ ಕೆಡವಿದ್ ಮಣ್ಣು, ಮುರುಕಲು ಎಂಚು. ಸೈಟಿನ ಮೂಲೆ ಸಾರ್ ಅದು, ಬಿಟ್ಬಿಡಕ್ಕಾಯ್ತದಾ? ನಮ್ಮದೇ ಬಾವಿ, ನಮ್ಮದೇ ಮಣ್ಣು."

"ಈ ಪಿಲ್ಲರ್ ಅದರ ಮೇಲೇ ಇದೆಯಾ?"

"ಊಂ. ಗಂಗಮ್ಮನ ತಲೆ ಮ್ಯಾಲೆ" ಅಂದರು ಇವರು, ಹೆಮ್ಮೆಯಿಂದಲೇ.

ಸಾರ್ ನನ್ನ ಕಡೆ ತಿರುಗಿ, "ಇದನ್ನ ಧನಲಕ್ಷ್ಮಿಗೆ ಹೇಳಿರಲಿಲ್ವಾ ತಾಯಿ?" ಅಂದರು. ನಾನು ಉತ್ತರ ಹೇಳುವಷ್ಟರಲ್ಲಿ ನರೇಶ ನಡುಮನೆಯಿಂದ ಆ ಪ್ಲಾಸ್ಟಿಕ್ ಹಾಕಿಸಿದ ಹಾಳೆ ತಂದು ಕೊಟ್ಟ. "ಯಾಕ್ ಹೇಳಿಲ್ಲ ಸಾರ್? ಪೇಪರಲ್ಲೇ ಹಾಕಿದ್ದಾರಲ್ಲ, ಓದಿ."

ಅವರು ಕನ್ನಡಕ ಹಾಕಿಕೊಂಡು ಓದಿದರು. 'ಅಡುಗೆಮನೆಯ ಈ ಮೂಲೆಯಲ್ಲಿ ಒಂದು ಕಾಲಕ್ಕೆ ಬಾವಿಯಿತ್ತು. ಬಾವಿ ಹೋದರೂ ನೀರಿನ ನೆನಪು ಹೋಗಿಲ್ಲ. ವರ್ಷಕ್ಕೊಮ್ಮೆ ಈ ಮನೆಯಾಕೆ ಆ ನೆನಪಿಗೆ ದೀಪ ಇಡುತ್ತಾಳೆ.' ಓದಿ ಮುಗಿಸಿ ಕನ್ನಡಕ ತೆಗೆದು, "ಚೆನ್ನಾಗಿ ಬರೆದಿದ್ದಾಳೆ" ಅಂದರು. ಆಮೇಲೆ ಹೇಳಬೇಕಾದ್ದು ಹೇಳಿದರು. ಮೇಲೆ ಇನ್ನೊಂದು ಇಟ್ಟಿಗೆ ಇಡಬೇಡಿ. ಈ ಮೂಲೆಯ ಮೇಲಿರುವ ನೀರಿನ ಟ್ಯಾಂಕು ಬೇರೆ ಕಡೆಗೆ ಸಾಗಿಸಿ. ಇದರ ಮೇಲಿನ ರೂಮಿನವರನ್ನು ಈ ವಾರವೇ ಇಳಿಸಿ.

ನರೇಶ ಅವರನ್ನು ಗೇಟಿನ ತನಕ ಬಿಟ್ಟು ಬಂದು ಶುರು ಮಾಡಿದ. "ನಮ್ಮನೆ ಮುದ್ದೆ ತಿಂದು, ಆ ಬಾವಿ ಮೇಲೇ ಮಲ್ಗಿ ಎದ್ದು, ಅದನ್ನೇ ಹೊಗಳಿ ಪೇಪರ್‌ಗೆ ಹಾಕಿದ್ರು. ಈಗ ಅವ್ರ ಕಡೆಯೋರೇ ಬಂದು ಬೇಡ ಅಂತಾರೆ. ಯಾರ್ನ ನಂಬ್ಲಮ್ಮ ನಾನು? ಕೆಲಸ ಬಿಟ್ಟು ಕೂತಿದ್ದೀನಲ್ಲ, ಅದನ್ನೂ ಬರೀತಾರಂತಾ ನಿಮ್ ಮೇಡಂ?" ಹಾಳೆಯನ್ನು ಮತ್ತೆ ಮೊಳೆಗೆ ಹಾಕಲಿಲ್ಲ. ಎಲ್ಲಿಟ್ಟನೋ ನಾನು ಕೇಳಲಿಲ್ಲ.

ಗ್ಯಾಸಿಗೆ, ಕರೆಂಟಿಗೆ, ನಾಯಿಗೆ, ಬಸ್ಸಿಗೆ, ಎಲ್ಲಕ್ಕೂ ಹೆದರುವ ನಾನು ಆ ಮೂಲೆಗೆ ಮಾತ್ರ ಒಂದು ದಿನವೂ ಹೆದರಿರಲಿಲ್ಲ. ಅಲ್ಲಿ ಗಂಗಮ್ಮ ಇದ್ದಾಳೆ ಅಂತ ಇಡೀ ಮನೆಗೆ ಅದೊಂದು ಕಡೆ ಧೈರ್ಯವಾಗಿ ನಿಲ್ಲುತ್ತಿದ್ದೆ. ಯಾರ ಮೇಲೆ ಸಿಟ್ಟಾಗಬೇಕು ಅಂತ ತಿಳಿಯುತ್ತಿಲ್ಲ. ಹೊಳೆವ್ವನ ಸಂಸಾರವನ್ನು ಕೆಳಗಿನ ಮುಂದಿನ ಕೋಣೆಗೆ ಇಳಿಸಿದೆವು. ಹಾಸಿಗೆ ಹೊತ್ತು ಇಳಿಯುತ್ತಾ ಅವಳು ಅಂದಳು, "ನಮ್ಮೂರಾಗ ಬಾವ್ಯಾಗ ಬಿದ್ದವ್ರನ್ನ ನೋಡೀನಿ ಯವ್ವಾ, ಬಾವಿ ಮ್ಯಾಲ ಹಾಸಿಗಿ ಹಾಸಿದವ್ರನ್ನ ನೋಡಿದ್ದಿಲ್ಲ." ಎಲ್ಲರೂ ನಕ್ಕರು. ನಾನೂ ನಕ್ಕೆ, ಆಮೇಲೆ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡೆ.

ಇಂತಿ,
ಸೊಣ್ಣಮ್ಮ


ಮೈಸೂರು
30 ಜುಲೈ 2011

ಅಮ್ಮ,

ಸರ್ ಸೋಮವಾರ ಬಂದವರೇ ಆ ದಾರ, ಗುಂಡು ಎರಡನ್ನೂ ನನ್ನ ಮೇಜಿನ ಮೇಲಿಟ್ಟು, "ಇದು ನಿನ್ನ ಹತ್ತಿರ ಇರಲಿ" ಎಂದರು.  ಉಳಿದದ್ದು ನಿಮ್ಮ ಕಾಗದದಿಂದ ತಿಳಿಯಿತು.

ಆ ಹಬ್ಬದ ದಿನ ನೀವು ದೀಪ ಇಡುತ್ತಾ, "ಇಲ್ಲೇ ಧನಮ್ಮ ನಮ್ಮ ಬಾವಿ, ತುಂಬಿಸಿಬಿಟ್ವಿ" ಎಂದಿರಿ. ನಾನು ಬರೆದುಕೊಂಡೆ. ಕಿಟಕಿಯಿಂದ ಬೆಳಕು ಚೆನ್ನಾಗಿ ಬೀಳುತ್ತಿತ್ತು, ಫೋಟೋ ತೆಗೆದೆ. ಆಮೇಲೆ ಮೆಟ್ಟಿಲು ಹತ್ತಿ ಹೋಗಿ, ಅದೇ ಮೂಲೆಯ ಮೇಲಿನ ನನ್ನ ರೂಮಿನಲ್ಲಿ ಕೂತು ಅದರ ಬಗ್ಗೆ ಬರೆದೆ. ನೆನಪಿನ ಮೇಲೆ ನಿಂತ ಮನೆ ಎಂದು ಬರೆದೆ. ಬಾವಿಯ ಮೇಲೆ ನಿಂತ ಮನೆ ಎಂದು ಹೊಳೆಯಲಿಲ್ಲ. ಆ ಫೋಟೋವನ್ನು ತರಗತಿಯಲ್ಲಿ ಎಷ್ಟೋ ಸಲ ತೋರಿಸಿದ್ದೇನೆ. ವಿದ್ಯಾರ್ಥಿಗಳಲ್ಲಿ ಒಬ್ಬರೂ, ಹಾಗಾದರೆ ಪಾಯ ಎಲ್ಲಿದೆ ಎಂದು ಕೇಳಲಿಲ್ಲ. ಅವರಿಗೆ ಕೇಳಲು ಹೇಳಿಕೊಟ್ಟಿದ್ದರೆ ತಾನೆ.

ಒಂದು ಮನೆಯನ್ನು ಎಷ್ಟು ಜನ ಹಂಚಿಕೊಂಡು ಓದುತ್ತೀರಿ ಎಂದು ಬರೆದಿದ್ದಿರಿ. ಅದನ್ನು ಓದಿದ ಮೇಲೆ ವೆಬ್‌ಸೈಟಿನಲ್ಲಿ ನನ್ನ ಫೋಟೋದ ಕೆಳಗಿನ ಸಾಲನ್ನು ತೆಗೆಸಿದ್ದೇನೆ. ಏನು ಬರೆಯಬೇಕೆಂದು ತಿಳಿದ ದಿನ ಬರೆಯುತ್ತೇನೆ. ಆ ಪೇಪರಿನವರಿಗೂ ತಪ್ಪು ಒಪ್ಪಿಕೊಂಡು ಒಂದು ಪತ್ರ ಕಳಿಸಿದೆ, ಹಾಕಿದರೆ ಹಾಕಲಿ.

ಗಣೇಶನ ಹಬ್ಬ ಕಳೆದ ಮೇಲೆ ಸರ್ ಜೊತೆ ನಾನೂ ಬರುತ್ತೇನೆ, ನನ್ನ ತರಗತಿಯ ವಿದ್ಯಾರ್ಥಿಗಳೂ ಬರುತ್ತಾರೆ. ಪಿಲ್ಲರಿನ ಪಕ್ಕ ಗುಂಡಿ ತೋಡಿ, ಕೆಳಗೆ ಏನಿದೆ, ಹೇಗೆ ಗಟ್ಟಿ ಮಾಡಬಹುದು ಎಂದು ನೋಡಬೇಕಂತೆ. ನರೇಶನಿಗೆ ಹೇಳಿ. ಬೈಯುವುದಿದ್ದರೆ ನಾನು ಬಂದಾಗ ಎದುರಿಗೇ ಬೈಯಲಿ, ಉಳಿಸಿಕೊಳ್ಳುವುದು ಬೇಡ.

ಧನಲಕ್ಷ್ಮಿ


ಸಿಂಗಸಂದ್ರ
14 ಅಕ್ಟೋಬರ್ 2011

ಧನಮ್ಮನಿಗೆ,

ನೀವೆಲ್ಲ ಬಂದು ಹೋದ ಮೇಲೆ ಬರೆಯಬೇಕು ಬರೆಯಬೇಕು ಅಂತ ದಸರಾನೂ ಕಳೆಯಿತು. ಅವತ್ತು ನೀವು ಸರಿಯಾಗಿ ಊಟ ಮಾಡಲಿಲ್ಲ. ನಾನೂ ಬಲವಂತ ಮಾಡಲಿಲ್ಲ. ಗುಂಡಿಯೊಳಗೆ ಸಾರ್ ಕೈ ಹಾಕಿದಾಗ, ಹೆಂಚಿನ ಚೂರುಗಳ ನಡುವೆ ಮೊಣಕೈ ತನಕ ಸಲೀಸಾಗಿ ಹೋಯಿತಲ್ಲ, ಆಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅದೇ ಒಳ್ಳೆಯದಾಯಿತು ಅಂತ ಈಗ ಅನ್ನಿಸುತ್ತದೆ.

ನರೇಶ ನಿಮಗೆ ಬೈಯಲಿಲ್ಲ. ಕುರ್ಚಿ ತಂದು ಹಾಕಿ ಹೊರಗೆ ಹೋದ. ಬೈದಿದ್ದರೆ ನಿಮಗೆ ಹಗುರವಾಗುತ್ತಿತ್ತೇನೋ. ಅವನು ಹಾಗೆಯೇ, ಸಿಟ್ಟನ್ನು ಎದುರಿಗೆ ತೋರಿಸುವವನಲ್ಲ. ಮತ್ತೆ ಕ್ಯಾಬ್ ಹತ್ತಿದ್ದಾನೆ, ಈಗ ಬೇರೆ ಕಂಪನಿ. ಸಾರ್ ಬರೆದುಕೊಟ್ಟ ಹಾಗೆಯೇ ಗುಂಡಿಗೆ ಕಾಂಕ್ರೀಟು ತುಂಬಿಸಿ, ಪಿಲ್ಲರಿನ ಸುತ್ತ ಹೊಸ ಕಂಬಿ ಕಟ್ಟಿಸಿ ದಪ್ಪ ಮಾಡಿಸಿದೆವು. ಸಾರ್ ಹೇಳಿಕಳಿಸಿದ ಇಂಜಿನಿಯರೇ ಮುಂದೆ ನಿಂತು ಮಾಡಿಸಿದರು. ಕರಿಬಸಪ್ಪ ಈ ಕಡೆ ಸುಳಿದಿಲ್ಲ. ಟ್ಯಾಂಕು ಇಳಿಸಿ ಮುಂದಿನ ಕಡೆ ಇಟ್ಟಾಗಿದೆ. ನಿಮ್ಮ ರೂಮು ಖಾಲಿ ಇದೆ, ಅದರಲ್ಲಿ ಯಾರನ್ನೂ ಇಡುವುದಿಲ್ಲ. ಹಪ್ಪಳ, ಸಂಡಿಗೆ ಅಷ್ಟೇ.

ಆಯುಧಪೂಜೆಯ ದಿನ ನರೇಶ ಕ್ಯಾಬಿಗೆ ಪೂಜೆ ಮಾಡಿದ, ಕುಂಬಳಕಾಯಿ ಒಡೆದ. ಮಾರನೆಯ ದಿನ ಎಲ್ಲಿಂದಲೋ ಕಬ್ಬಿಣ ಕತ್ತರಿಸುವ ಮಿಷನ್ ತಂದು ತಾರಸಿಗೆ ಹತ್ತಿದ. ನಾವು ಕೆಳಗೆ ತಿಂಡಿ ತಿನ್ನುತ್ತಿದ್ದೆವು. ಮೇಲಿನಿಂದ ಆ ಸದ್ದು ಶುರುವಾಯಿತು. ತುತ್ತನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ. ಕಂಬಿ ಕತ್ತರಿಸಿದರೆ ಯಜಮಾನನ ಕೆಲಸವೂ ಮುಗಿಯಿತು ಅನ್ನುವ ನಮ್ಮತ್ತೆಯ ಮಾತು ನೆನಪಾಯಿತು. ಓಡಿ ಹೋಗಿ ನೋಡಿದರೆ ಮೊದಲನೆಯ ಪಿಲ್ಲರಿನ ಕಂಬಿಗಳು ಆಗಲೇ ನೆಲಕ್ಕೆ ಬಿದ್ದಿದ್ದವು. ಇವರು ನನ್ನ ಹಿಂದೆ ಹತ್ತಿ ಬಂದು, ಮೋಟುಗೋಡೆ ಹಿಡಿದುಕೊಂಡು ಸುಧಾರಿಸಿಕೊಂಡು ಕೇಳಿದರು.

"ಯಾಕ್ಲಾ ಕತ್ತರಿಸ್ತಿದೀಯ? ಕಟ್ಟಾಕಿಲ್ಲ ಅಂದ್ರೆ ಕಟ್ಟಬ್ಯಾಡ. ಕಂಬಿ ಏನ್ ಮಾಡ್ತು ನಿಂಗೆ? ಇರ್ಲಿ ಬುಡು."

ನರೇಶ ಮಿಷನ್ ಆರಿಸಿದ. ಕಿಡಿ ಹಾರಿ ಅಂಗಿಯೆಲ್ಲ ತೂತಾಗಿತ್ತು.

"ಇದ್ರೆ ಆಸೆ ಆಗುತ್ತೆ ಕಣಪ್ಪ. ನಂಗಲ್ಲ. ನಾಳೆ ನನ್ ಮಕ್ಳಿಗೆ ಆಗುತ್ತೆ. ಅಷ್ಟೊತ್ತಿಗೆ ಇಲ್ಲಿ ಬಾವಿ ಇತ್ತು ಅಂತ ಹೇಳೋಕೆ ನೀನಿರ್ತೀಯಾ, ಅಮ್ಮ ಇರ್ತಾಳಾ?"

ಇವರು ಅಲ್ಲೇ ಟ್ಯಾಂಕು ತೆಗೆದ ಕಟ್ಟೆಯ ಮೇಲೆ ಕೂತು ಉಳಿದದ್ದನ್ನು ಕತ್ತರಿಸುವ ತನಕ ನೋಡುತ್ತಿದ್ದರು. ಎಲ್ಲ ಆದ ಮೇಲೆ ನನ್ನ ಮುಖ ನೋಡಿ, "ಏನಮ್ಮಿ, ನಮ್ಮವ್ವನ ಮಾತು ನೆನೆಸ್ಕಂಡಾ? ಮುಗೀತಲ್ಲ ಸದ್ಯ. ಮದ್ವೆಯಾದಾಗಿಂದ ಈ ಮನೆ ಕಟ್ತಾನೇ ಇವ್ನಿ. ಇನ್ನು ಒಸಿ ಕೂತ್ಕತೀನಿ" ಅಂದರು. ಅವರು ಕೂತದ್ದನ್ನು ನಾನು ಅಷ್ಟು ಚೆನ್ನಾಗಿ ಯಾವತ್ತೂ ನೋಡಿರಲಿಲ್ಲ. ನರೇಶ ಅವರ ಪಕ್ಕವೇ ಕೂತು ಅಂಗಿಯ ತೂತುಗಳನ್ನು ಎಣಿಸುತ್ತಿದ್ದ. ಅಪ್ಪ ಮಗ ಜುಲೈಯಿಂದ ಹಾಗೆ ಒಂದು ಕಡೆ ಕೂತಿರಲಿಲ್ಲ. ನಾನು ಇಳಿದು ಬಂದು ಇಬ್ಬರಿಗೂ ಕಾಫಿ ಇಟ್ಟೆ.

ಮೊನ್ನೆ ನರೇಶ ತಾನಾಗಿಯೇ ಫೋನಿನಲ್ಲಿ ನಿಮ್ಮ ಕಾಲೇಜಿನ ವೆಬ್‌ಸೈಟು ತೋರಿಸಿದ. ನಿಮ್ಮ ಫೋಟೋ ಇದೆ, ಕೆಳಗೆ ಇನ್ನೂ ಖಾಲಿ. "ಏನಮ್ಮ, ಮೇಡಂಗೆ ಯಾವ್ದ್ರಲ್ಲೂ ಆಸಕ್ತಿ ಇಲ್ಲ ಅಂದ್ಕೊಂಡಾರು ನೋಡಿದೋರು" ಅಂದ. ನನಗೆ ಅವತ್ತಿನಿಂದ ಅದೇ ಯೋಚನೆ. ಖಾಲಿ ಬಿಡಬೇಡಿ ಧನಮ್ಮ, ಮೇಲಿನವರು ಕೇಳಿದರೆ ಕೆಲಸಕ್ಕೆ ತೊಂದರೆಯಾದೀತು. ಬಲ ಅಂತ ಬರೆಯಿರಿ, ಅದರ ಪಕ್ಕದಲ್ಲೇ ಮೊದಲಿದ್ದ ಹೊಸಿಲು, ಮೆಟ್ಟಿಲು, ನೆನಪು ಅವನ್ನೂ ಹಾಕಿ. ನಾನು ಅವುಗಳ ಬಗ್ಗೆ ನಿಮಗೆ ಹೇಳಿದ್ದು ಯಾವುದೂ ಸುಳ್ಳಲ್ಲ.

ಇನ್ನೊಂದು ಮಾತು. ನೀವು ಅವತ್ತು ತಾರಸಿಯ ಮೇಲೆ ವಿದ್ಯಾರ್ಥಿಗಳ ಜೊತೆ ಇದ್ದಾಗ ನಾನು ಸಾರ್ ಅವರನ್ನು ಕೇಳಿದೆ, ಈ ಕೆಲಸ ಎಲ್ಲ ಮಾಡಿಸಿದ ಮೇಲೆ ಕೆಳಗಿನ ಮನೆಯಲ್ಲಿ ನಾವು ಧೈರ್ಯವಾಗಿ ಮಲಗಬಹುದಾ ಅಂತ. "ಮಲಗಿ ತಾಯಿ, ಏನೂ ಭಯವಿಲ್ಲ" ಅಂದರು. ಹಾಗೆ ಅನ್ನುವಾಗ ಅವರ ಕೈ ಪಿಲ್ಲರಿನ ಮೇಲಿತ್ತು, ಅದು ನನಗೆ ಚೆನ್ನಾಗಿ ನೆನಪಿದೆ. ಕಣ್ಣು ಎಲ್ಲಿತ್ತು ಅಂತ ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ. ಆ ಮಾತನ್ನು ಅವರು ಪಿಲ್ಲರನ್ನು ನೋಡಿ ಹೇಳಿದರಾ, ಹೆದರಿದ ನನ್ನ ಮುಖ ನೋಡಿ ಸಮಾಧಾನಕ್ಕೆ ಹೇಳಿದರಾ, ಅದೊಂದನ್ನು ಇನ್ನೊಮ್ಮೆ ಅವರನ್ನೇ ಕೇಳಿ ಬರೆಯಿರಿ.

ಇಂತಿ ನಿಮ್ಮ,
ಸೊಣ್ಣಮ್ಮ